ಗುರುಗಳ ಗುಟ್ಟಿನ ರಾಗ

ನಾರಾ, ಸೋಮವಾರ

ಅಕ್ಕನಿಗೆ ನಮಸ್ಕಾರ.

ಗುರುಗಳು ನನಗೆ ಕೊಳಲನ್ನಿನ್ನೂ ಮುಟ್ಟಗೊಟ್ಟಿಲ್ಲ. ಮೊದಲು ಮಂಡಿ ತಟ್ಟುತ್ತ ರಾಗವನ್ನು ಬಾಯಲ್ಲಿ ಹಾಡಿ ಕಲಿಯಬೇಕು. ನಿನ್ನೆ ಕುರೊತಾನಿ ಗುರುಗಳು ಬಾಗಿಲು ಹಾಕಿ, "ಇದು ನಮ್ಮ ಮೂಲಪುರುಷ ಚೀನಾದ ಅರಮನೆಯಲ್ಲಿ ಕಲಿತು ತಂದದ್ದು ಕಣೋ. ಹೊರಗೆ ಬಾಯಿ ಬಿಟ್ಟೆಯೋ, ಗಂಟುಮೂಟೆ ಕಟ್ಟು!" ಎಂದು ಆಮೆ ನಡಿಗೆಯಲ್ಲಿ ಒಂದು ಸಾಲು ಹಾಡಿದರು. ನಾನು ಹಿಂದೆಯೇ ಹಾಡಿದೆ. ಕೈ ತಾನಾಗಿ ಬೇಗ ಬೇಗ ತಟ್ಟತೊಡಗಿತು. ಅವರಿನ್ನೂ ಕಲಿಸದ ಮುಂದಿನ ಸಾಲೂ ಬಾಯಿಂದ ಬಂದುಬಿಟ್ಟಿತು. ಅಕ್ಕ, ಅದು ಬಲೆ ಎಳೆಯುವಾಗ ನಮ್ಮಜ್ಜಿ ಹಾಡುವ ಹಾಡು!

"ಯಾವ ಕಿಟಕಿಗೆ ಕಿವಿಯಿಟ್ಟು ಕದ್ದೆಯೋ?" ಎಂದರು ಗುರುಗಳು.

"ನಮ್ಮಜ್ಜಿ ಹೇಳ್ಕೊಟ್ಟದ್ದು" ಎಂದರೆ ನಂಬಲೇ ಇಲ್ಲ. ಇವತ್ತು ಬೆಳಗ್ಗೆಯಿಂದ ನನ್ನನ್ನು ಓರೆಗಣ್ಣಲ್ಲಿ ನೋಡುತ್ತಿದ್ದಾರೆ. ನೋಡಲಿ, ನಾನೂ ನೋಡುತ್ತಿದ್ದೇನೆ.

ಕೂತು ಕೂತು ಕಾಲು ಜೋಮು ಹಿಡಿಯುತ್ತದೆ, ಬೇರೆ ತೊಂದರೆಯಿಲ್ಲ. ಇಲ್ಲಿಯ ಸಾರಿಗೆ ರುಚಿಯಿಲ್ಲ, ಒಣಮೀನು ಕಳಿಸು.

ಅಂದಹಾಗೆ, ಹಿಂದಿನ ಕಾಲದಲ್ಲಿ ಚೀನಾಕ್ಕೆ ಹೊರಟ ಹಡಗುಗಳು ಗಾಳಿಗೆ ಕಾಯುತ್ತ ತಿಂಗಳುಗಟ್ಟಲೆ ನಿಲ್ಲುತ್ತಿದ್ದದ್ದು ನಮ್ಮ ಗೊತೊ ದ್ವೀಪದಲ್ಲೇ ತಾನೆ? ಆ ಮೂಲಪುರುಷ ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲವೆಂದು ನನಗೆ ಗುಮಾನಿ.

ಸೊಯಿಚಿ