ಇವರ ಎಡಗಡೆ

ಜೂನ್ 9, ಸೋಮವಾರ

ಇವತ್ತೂ ಅರ್ಧ ತಟ್ಟೆ ಊಟ. ಬಲಗಡೆಯ ಮುದ್ದೆ, ಸಾರು ಮುಗಿಸಿದರು. ಎಡಗಡೆ ಹುರುಳಿಕಾಯಿ ಪಲ್ಯ ಹಾಗೇ ಇತ್ತು. “ಪಲ್ಯ ಮಾಡಿಲ್ವೇನೇ?” ಅಂದರು. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. “ಹ್ಞಾ, ಈಗ ಹಾಕ್ದಾ?” ತಿಂದರು.

ಹಾಸನದ ಆಸ್ಪತ್ರೆಯಿಂದ ಅರಸೀಕೆರೆಗೆ ಬಂದು ಹನ್ನೆರಡು ದಿನ. ನಡೆಯುತ್ತಾರೆ. ಮಾತು ಸ್ವಚ್ಛ. ಎಡಗೈ ಸ್ವಲ್ಪ ಸೋತಿದೆ, ಅಷ್ಟೇ. ಸ್ಟ್ರೋಕ್ ಆದವರಲ್ಲಿ ನಿಮ್ಮ ಯಜಮಾನರು ಪುಣ್ಯವಂತರು ಎಂದಿದ್ದಳು ನರ್ಸ್. ಡಾಕ್ಟರ್ ಮಾತ್ರ ನನ್ನನ್ನು ಹೊರಗೆ ಕರೆದು ಹೇಳಿದರು — ಕಣ್ಣಿಗೆ ಏನೂ ಆಗಿಲ್ಲ, ಪೆಟ್ಟು ಬಿದ್ದಿರುವುದು ಮೆದುಳಿನ ಬಲಭಾಗಕ್ಕೆ. ಎಡಗಡೆ ಅಂತ ಒಂದು ಇದೆ ಅನ್ನುವುದನ್ನೇ ಅದು ಬಿಟ್ಟುಬಿಟ್ಟಿದೆ. ಬಿಟ್ಟಿದ್ದೇನೆ ಅನ್ನುವುದೂ ಅದಕ್ಕೆ ಗೊತ್ತಿಲ್ಲ.

ಸಂಜೆ ಶೇವ್ ಮಾಡಿಕೊಂಡರು. ಬಲಗೆನ್ನೆ ನುಣ್ಣಗೆ. ಎಡಗೆನ್ನೆಯಲ್ಲಿ ಬಿಳಿ ಗಡ್ಡ ಹಾಗೇ. ಕನ್ನಡಿ ನೋಡಿ ತೃಪ್ತಿಯಿಂದ ಮೀಸೆ ತೀಡಿದರು, ಬಲಗಡೆಯದು ಮಾತ್ರ. ನಗು ಬಂತು. ಬಾಯಿಗೆ ಸೆರಗಿಟ್ಟುಕೊಂಡು ಹಿತ್ತಲಿಗೆ ಓಡಿದೆ. ಅಲ್ಲಿ ಹೋದರೆ ನಗು ಬರಲಿಲ್ಲ.

ಜೂನ್ 12, ಗುರುವಾರ

ಅಂಗನವಾಡಿ ಮುಗಿಸಿ ಬಂದೆ. ಇವರು ಮಂಚದ ಮೇಲೆ ಕೂತಿದ್ದರು. ಸದ್ದು ಮಾಡದೆ ಎಡಗಡೆ ಹೋಗಿ ಕೂತೆ. ಯಾಕೋ... ನೋಡೋಣ ಅನ್ನಿಸಿತು.

ಹತ್ತು ನಿಮಿಷ. ನನ್ನ ಮೊಣಕಾಲಿಗೂ ಇವರ ಮೊಣಕಾಲಿಗೂ ಒಂದು ಗೇಣು. ಬಾಗಿಲನ್ನೇ ನೋಡುತ್ತಾ ತಮ್ಮಷ್ಟಕ್ಕೆ ಗೊಣಗಿಕೊಂಡರು. “ಗಂಟೆ ನಾಲ್ಕಾಯ್ತು. ಎಲ್ಲೋದ್ಲು ಇವಳು? ಮಕ್ಕಳ ಜೊತೆ ತಾನೂ ಮಲಗ್ಬಿಟ್ಳೇನೋ.”

ಎದ್ದು ಮಂಚ ಸುತ್ತಿ ಬಲಕ್ಕೆ ಬಂದೆ. ಮುಖ ಅರಳಿತು. “ಬಂದ್ಯಾ ಹೊನ್ನಿ!”

ನೀರಿನ ಚೊಂಬು, ರಿಮೋಟು, ಮಾತ್ರೆ ಡಬ್ಬಿ, ಎಲ್ಲವನ್ನೂ ಬಲಗಡೆಗೆ ಸಾಗಿಸಿದೆ. ನನ್ನ ಕುರ್ಚಿಯನ್ನೂ. ಇನ್ನು ಆ ಕಡೆ ಕೂರುವುದಿಲ್ಲ.

ಜೂನ್ 17, ಮಂಗಳವಾರ

ಫಿಸಿಯೋಥೆರಪಿಯ ಹುಡುಗಿ ಸೌಂದರ್ಯ ಬಂದಿದ್ದಳು. ಕೋಣೆ ನೋಡಿದವಳೇ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏನಾಂಟಿ ಇದು? ಎಲ್ಲಾ ಬಲಗಡೆಗೇ ತಂದಿಟ್ಟಿದೀರಾ!”

“ಅವರಿಗೆ ಕಾಣ್ಲಿ ಅಂತ ಕಣಮ್ಮ.”

“ಹಿಂಗೆ ಮಾಡಿದ್ರೆ ಆ ಮೆದುಳಿಗೆ ಎಡಗಡೆ ಬೇಕು ಅಂತ ಯಾಕನ್ಸುತ್ತೆ? ಅದು ಸೋಮಾರಿ ಆಂಟಿ. ಕೆಲಸ ಕೊಡ್ಬೇಕು. ತಟ್ಟೆ ತಿರುಗಿಸ್ಬೇಡಿ. ಎಡ ಅಂಚಿಗೆ ಕೆಂಪು ಟೇಪ್ ಅಂಟ್ಸಿ, ಕೆಂಪು ಸಿಗೋವರೆಗೂ ತಿರುಗಿ ಅಂತ ಹೇಳಿ. ನೀವೂ ಎಡಗಡೆನೇ ಕೂತ್ಕೊಳ್ಳಿ. ಅಲ್ಲಿಂದ ಮಾತಾಡ್ಸಿ.”

“ನಾನು ಇಲ್ಲ ಅಂದ್ಕೋತಾರಲ್ಲಮ್ಮ.”

ಸ್ವಲ್ಪ ಮೆತ್ತಗಾದಳು. “ಅದಕ್ಕೇ ಆಂಟಿ. ಅವರು ಹುಡುಕೋದು ಇನ್ಯಾರನ್ನ?”

ಕುರ್ಚಿ ಮತ್ತೆ ಎಡಕ್ಕೆ ಹೋಯಿತು.

ಜೂನ್ 23, ಸೋಮವಾರ

ನಾನು ಅಂಗನವಾಡಿಯಲ್ಲಿದ್ದಾಗ ಟಿವಿಎಸ್ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿದ್ದಾರೆ. ದಾರಿಯಲ್ಲಿ ಎಡಗಡೆ ಕೂತಿದ್ದ ಹೂವಿನಾಕೆಯ ಬುಟ್ಟಿಗೆ ಗುದ್ದಿದ್ದಾರೆ. ಸೇವಂತಿಗೆಯೆಲ್ಲ ರಸ್ತೆಗೆ. ಆಕೆ ಕಾಲು ಎಳೆದುಕೊಂಡಿದ್ದರಿಂದ ಉಳಿದಳು. ಇವರು ನಿಲ್ಲಿಸಲೂ ಇಲ್ಲವಂತೆ.

ತಮ್ಮಯ್ಯ ಹಿಂದೆ ಕೂರಿಸಿಕೊಂಡು ತಂದು ಬಿಟ್ಟ. ಇವರು ಓಡಿಸುವ ಬಸ್ಸಿನ ಕಂಡಕ್ಟರ್. ಇಪ್ಪತ್ತೆರಡು ವರ್ಷ ಒಂದೇ ಬಸ್ಸು, ಅರಸೀಕೆರೆ–ಬೇಲೂರು. ಕಣ್ಣಲ್ಲಿ ನೀರಿತ್ತು ಅವನಿಗೆ. “ಹೊನ್ನಕ್ಕ, ಕೀಲಿ ಬಚ್ಚಿಡಕ್ಕ.”

“ಯಾಕ್ಲಾ ಬಚ್ಚಿಡ್ಬೇಕು?” ಇವರು ಕೂಗಿದರು. “ನಾನ್ ಯಾರಿಗ್ಲಾ ತಾಗ್ಸಿದೀನಿ? ಇಬ್ರೂ ಸೇರ್ಕೊಂಡು ನನ್ನ ಹುಚ್ಚನ್ ಮಾಡ್ತಿದೀರಾ?”

ಸುಳ್ಳು ಹೇಳುತ್ತಿರಲಿಲ್ಲ. ಅದೇ ಭಯ. ಇವರ ಪಾಲಿಗೆ ಅಲ್ಲಿ ಹೂವಿನಾಕೆ ಇರಲೇ ಇಲ್ಲ.

ಜೂನ್ 24, ಮಂಗಳವಾರ, ಮಧ್ಯಾಹ್ನ

ರಜೆ ಹಾಕಿದೆ. ಬೆಳಿಗ್ಗೆಯಿಂದ ಒಂದೇ ಹಟ, ಜುಲೈ ಒಂದಕ್ಕೆ ಡ್ಯೂಟಿಗೆ ಹೋಗುತ್ತೇನೆ ಅಂತ. “ಆ ರೋಡು ಕಣ್ಮುಚ್ಚಿ ಓಡಿಸ್ತೀನಿ ಕಣೇ. ಒಂದೊಂದು ಗುಂಡಿನೂ ಗೊತ್ತೈತೆ.”

“ಹಂಗಾದ್ರೆ ಕಣ್ಮುಚ್ಚಿ ಹೇಳ್ರೀ. ಅರಸೀಕೆರೆ ಬಿಟ್ರಿ. ಏನೇನ್ ಕಾಣುತ್ತೆ?”

ಬಾಯಿ ಮುಚ್ಚಿಸಲು ಕೇಳಿದ್ದು, ಅಷ್ಟೇ. ಕಣ್ಣು ಮುಚ್ಚಿಕೊಂಡು ಶುರುಮಾಡಿದರು. ಕೊಬ್ಬರಿ ಗೋಡೌನು. ಸೀಮೆಹುಣಸೆ ಮರ. ಜಾವಗಲ್ ದಾಟಿದ ಮೇಲೆ ಹಿಟ್ಟಿನ ಗಿರಣಿ, ಸ್ಕೂಲಿನ ಹಸಿರು ಗೇಟು... ನಾನು ಬರೆದುಕೊಳ್ಳುತ್ತಾ ಹೋದೆ. ಹಳೇಬೀಡು ಬಂತು. ಬೇಲೂರು ಬಂತು.

ನಮ್ಮೂರು ಬರಲಿಲ್ಲ. ಜಾವಗಲ್‌ಗೂ ಹಳೇಬೀಡಿಗೂ ನಡುವೆ, ರಸ್ತೆ ಪಕ್ಕದಲ್ಲೇ ಅಪ್ಪನ ಮನೆ. ಅಲ್ಲೇ ನಾನು ಬಸ್ಸು ಕಾಯುತ್ತಿದ್ದುದು, ಅಲ್ಲೇ ಇವರು ನನ್ನನ್ನು ಮೊದಲು ನೋಡಿದ್ದು. ಎಷ್ಟು ಹೋಗಿದೆಯೋ ಇವರ ತಲೆಯಿಂದ... ಆದರೂ ಹೇಳಿದೆ, “ಬೇಲೂರಲ್ಲಿ ಟೀ ಕುಡಿದ್ರಿ. ಈಗ ವಾಪಸ್ ಬನ್ನಿ.”

ಬಂದರು. ಹಳೇಬೀಡು ದಾಟಿದರು. ಪೆಟ್ರೋಲ್ ಬಂಕು. ನಾಗರಕಲ್ಲು. ಆಮೇಲೆ ಮುಖ ಸಡಿಲವಾಯಿತು.

“ನಿಮ್ಮಪ್ಪನ ಮನೆ. ಜಗಲಿ ಮೇಲೆ ರಾಗಿ ಒಣಗಾಕವ್ರೆ. ಹಲಸಿನ ಮರ. ನೀನು ನೀಲಿ ಸೀರೆ ಉಟ್ಕೊಂಡು ನಿಂತಿದೀಯಾ. ಕೈಯಲ್ಲಿ ಟಿಫನ್ ಬಾಕ್ಸು. ಬೇಕಂತ್ಲೇ ಹಾರ್ನ್ ಹೊಡೆದೆ. ನೀನು ನೋಡ್ಲಿಲ್ಲ.”

“ನೋಡಿದ್ದೆ.”

“ನೋಡಿದ್ಯಾ!” ಕಣ್ಣು ಬಿಟ್ಟರು.

ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಆಮೇಲೆ ಕೈಯಲ್ಲಿದ್ದ ಹಾಳೆ ನೋಡಿದೆ. ಊರುಗಳ ಹೆಸರು ಬಿಟ್ಟರೆ, ಹೋಗುವಾಗ ಹೇಳಿದ ಒಂದೂ ಬರುವಾಗ ಹೇಳಿಲ್ಲ. ಬರುವಾಗ ಹೇಳಿದ ಒಂದೂ ಹೋಗುವಾಗ ಇಲ್ಲ. ಹೋಗುತ್ತಾ ಬಲಗಡೆಯದಷ್ಟೇ. ಬರುತ್ತಾ ಬಲಗಡೆಯದಷ್ಟೇ. ನಮ್ಮ ಮನೆ ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ. ಏನೂ ಕಳೆದುಹೋಗಿಲ್ಲ. ಎಲ್ಲವೂ ಒಳಗಿದೆ. ನೆನಪಿನೊಳಗೂ ಇವರು ಎಡಕ್ಕೆ ತಿರುಗುತ್ತಿಲ್ಲ, ಅಷ್ಟೇ.

ಹಾಳೆಯನ್ನು ಇವರ ಬಲಗೈಗೆ ಕೊಟ್ಟು, ಎಡ ಅಂಚಿನಲ್ಲಿ ನನ್ನ ಬೆರಳಿಟ್ಟೆ. ಒಂದೊಂದಾಗಿ ಬಾಯಿಬಿಟ್ಟು ಓದಿದರು. ಮತ್ತೆ ಮೇಲಿಂದ ಓದಿದರು.

“ಹೋಗ್ತಾ ನಿಮ್ಮನೆ ಬಿಟ್ಬಿಟ್ನಾ?”

“ಹ್ಞೂ.”

“ಸ್ಟಾಪಲ್ಲಿ ಜನ ನಿಂತಿರ್ತಾರೆ ಅಲ್ಲಿ. ಎಡಗಡೆ.” ಹಾಳೆಯನ್ನು ಮಂಚದ ಮೇಲಿಟ್ಟರು. “ಆ ಹೂವಿನಮ್ಮ... ಹೌದಾ ಹಂಗಾದ್ರೆ?”

“ಹೌದು ಕಣ್ರೀ.”

ಜೇಬಿನಿಂದ ಟಿವಿಎಸ್ ಕೀಲಿ ತೆಗೆದು ನನ್ನ ಮಡಿಲಿಗೆ ಹಾಕಿದರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ. ಬೆನ್ನು ಅಲುಗುತ್ತಿತ್ತು.

ಜುಲೈ 19, ಶನಿವಾರ

ಎಷ್ಟೋ ದಿನ ಬರೆಯಲಾಗಲಿಲ್ಲ. ಮನೆಯೇ ಅಂಗನವಾಡಿ. ಬಣ್ಣ ಹಚ್ಚುವ ಪುಸ್ತಕ ತಂದುಕೊಟ್ಟಿದ್ದೇನೆ. ಆನೆಗೆ ಅರ್ಧ ಮಾತ್ರ ಬಣ್ಣ. “ಇನ್ನರ್ಧ ಆನೆ ಎಲ್ರೀ?” ಅಂದರೆ ಮುನಿಸು. ಕತ್ತು ನೋಯುತ್ತೆ ಎಂದು ಬೈಗುಳ. ಬೈಗುಳ ಕೇಳಿ ಸೌಂದರ್ಯಳಿಗೆ ಖುಷಿ. ತಿರುಗಿದ್ದಕ್ಕೆ ತಾನೇ ನೋವು ಆಂಟಿ, ಅಂತಾಳೆ.

ಹೂವಿನಾಕೆಯ ಹತ್ತಿರ ಹೋಗಿದ್ದೆವು. ಇವರೇ ಹಟ ಮಾಡಿ ಕರೆದುಕೊಂಡು ಹೋದರು. “ತಪ್ಪಾಯ್ತು ಕಣವ್ವ” ಅಂದರು. ಆಕೆ ನನ್ನ ಮುಡಿಗೆ ಒಂದು ಮೊಳ ಮಲ್ಲಿಗೆ ಮುಡಿಸಿದಳು.

ಸ್ಟಿಯರಿಂಗ್ ಇನ್ನು ಬೇಡ ಎಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ. ಇವರು ಓದಿ ಮಡಚಿಟ್ಟರು. ರಾತ್ರಿ ಮುದ್ದೆ ಒಂದೇ ಸಾಕು ಅಂದರು.

ಆಗಸ್ಟ್ 10, ಭಾನುವಾರ

ತಮ್ಮಯ್ಯನ ಬಸ್ಸಿನಲ್ಲಿ ಬೇಲೂರಿಗೆ ಹೋಗಿಬಂದೆವು. ಪ್ಯಾಸೆಂಜರ್ ಆಗಿ. ಹೊಸ ಡ್ರೈವರ್ ಗೇರು ಹಾಕಿದಾಗಲೆಲ್ಲ ಇವರ ಕಾಲು ತಾನಾಗಿ ಒತ್ತುತ್ತಿತ್ತು. ನಾನು ಎಡ ಕಿಟಕಿಗೆ, ನನ್ನ ಪಕ್ಕ ಇವರು. ಜಾವಗಲ್ ದಾಟಿತು. ನಮ್ಮೂರು ಬರುತ್ತಿತ್ತು. ಹೇಳಬಾರದು ಅಂತ ತುಟಿ ಕಚ್ಚಿಕೊಂಡಿದ್ದೆ.

ನಿಧಾನವಾಗಿ ಕತ್ತು ತಿರುಗಿತು. ನನ್ನನ್ನು ದಾಟಿ ಹೊರಗೆ ನೋಡಿದರು.

“ಹಲಸಿನ ಮರ ಕಡಿದವ್ರಲ್ಲೇ!”

ಹೌದು, ಇವರು ಆಸ್ಪತ್ರೆಯಲ್ಲಿದ್ದಾಗ ಕಡಿದದ್ದು. ಅದಕ್ಕೂ ನಾನೇ ಸಮಾಧಾನ ಹೇಳಬೇಕಾಯಿತು.

ಸೆಪ್ಟೆಂಬರ್ 18, ಗುರುವಾರ, ಬೆಳಿಗ್ಗೆ 11

ಎರಡು ದಿನದಿಂದ ನನಗೇ ಜ್ವರ. ಇವರು ಬಸ್ ಸ್ಟ್ಯಾಂಡಿಗೆ ಹೋಗಿಲ್ಲ. ಈಗ ಅಲ್ಲಿ ಬಸ್ಸುಗಳ ಟೈಮ್ ನೋಡಿಕೊಳ್ಳುವ ಕೆಲಸ, ಬಸ್ಸಿನ ಓನರ್ರೇ ಕರೆದು ಕೊಟ್ಟಿದ್ದು. ಇವತ್ತು ತಮ್ಮಯ್ಯನಿಗೆ ಫೋನ್ ಮಾಡಿ ಗತ್ತಿನಿಂದ ಹೇಳಿದರು, “ಮನೇಲಿ ಪೇಷೆಂಟ್ ಐತೆ ಕಣ್ಲಾ, ಬರಾಕಾಗಲ್ಲ.”

ಗಂಜಿ ಕಾಯಿಸಿದರು. ಉಪ್ಪಿಲ್ಲ. ಚೆನ್ನಾಗಿದೆ ಎಂದೆ. ತಾವೂ ಒಂದು ಗುಟುಕು ಕುಡಿದು ನೋಡಿ, “ಸುಳ್ಳಿ” ಅಂದರು.

ಹಣೆ ಮುಟ್ಟಿ ನೋಡಿದರು. ಕಡಿಮೆಯಾಗಿದೆಯಂತೆ. ಕಡಿಮೆಯೇನೂ ಆಗಿಲ್ಲ, ನನಗೆ ಗೊತ್ತಲ್ಲ. ಬರೆಯಬೇಡ, ಮಲಗು ಅಂತ ಆಗಿನಿಂದ ಒಂದೇ ವರಾತ. ಇನ್ನೆರಡು ಸಾಲು ಅಂದೆ. ಕೇಳುತ್ತಿಲ್ಲ, ಪೆನ್ನಿಗೇ ಕೈ ಹಾಕಿ—