ಹೆಸರಿಟ್ಟ ಇಲಿ

ಹೈದರಾಬಾದ್
೯ ಆಗಸ್ಟ್ ೨೦೧೬

ಸಗರದಲ್ಲಿರುವ ನನ್ನ ಅವ್ವನಿಗೆ ಬಾಲಿಯ ಶರಣು.

ನೀನು ಕೂಡಿಸಿ ಕೂಡಿಸಿ ಓದುತ್ತೀ ಎಂದು ಅಕ್ಷರ ದಪ್ಪಗೆ ಬರೆದಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ನನಗೆ ಅಳು ಬರುತ್ತದೆ. ಆಮೇಲೆ ನೀನು "ಉಂಡೀಯೋ ಇಲ್ಲೋ?" ಎಂದು ಶುರು ಮಾಡುತ್ತೀ.

"ಇಲಿ ಓಡಿಸಾಕ ಇಷ್ಟು ಓದಬೇಕಾ?" ಎಂದು ಅಣ್ಣ ನಗುತ್ತಾನಲ್ಲ, ನಗಲಿ. ನೀನು ಹಳೆ ಸೀರೆ ಬಿಸಾಡದೆ ಹರಿದು, ಆರಿಸಿ ಕೌದಿ ಹೊಲಿಯುತ್ತೀ. ಹೃದಯದ ಒಂದೊಂದು ಜೀವಕೋಶವೂ ಅದನ್ನೇ ಮಾಡುತ್ತದೆ. ಸವೆದು ಕೆಟ್ಟದ್ದನ್ನು ಒಡೆದು, ಅದರಿಂದಲೇ ಬೇಕಾದ್ದನ್ನು ಕಟ್ಟಿಕೊಳ್ಳುತ್ತದೆ. ದಿನಾಲೂ ಬಹಳ ದೂರ ಓಡುವ ಇಲಿಯ ಎದೆಯಲ್ಲಿ ಈ ಕೆಲಸ ಎಷ್ಟು ಚುರುಕಾಗುತ್ತದೆ ಎಂದು ನಾವು ನೋಡುತ್ತೇವೆ. ನೋಡಬೇಕೆಂದರೆ ಕೊನೆಗೆ ಇಲಿಯನ್ನು ಕೊಂದು ಎದೆ ತೆಗೆಯಬೇಕು. ಇದನ್ನು ನಿನಗೆ ಈವರೆಗೆ ಹೇಳಿರಲಿಲ್ಲ.

ಅವುಗಳಲ್ಲಿ ಒಂದಿದೆ. ಉಳಿದವು ತಿರುಗುವ ಪಟ್ಟಿಯ ಮೇಲೆ ಬಿಟ್ಟರೆ ಮೂತಿ ತಿರುವುತ್ತವೆ. ಇದು ಮಾತ್ರ ತಲೆ ತಗ್ಗಿಸಿ ಓಡಿದ್ದೇ ಓಡಿದ್ದು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುರಿಯ ಹಿಂದೆ ಶಹಾಪುರದ ಗುಡ್ಡದ ತನಕ ನಡೆಯುತ್ತಿದ್ದ ಅಪ್ಪನನ್ನೇ ಕಂಡ ಹಾಗಾಯಿತು. ನನ್ನ ಹಾಳು ಬಾಯಿ ಅಪ್ಪನ ಹೆಸರು ಹಿಡಿದು "ದೇವಿಂದ್ರಪ್ಪ" ಎಂದು ಕರೆದೇಬಿಟ್ಟಿತು.

ಮಾರುವ ಮರಿಗೆ ನೀನು ಯಾವತ್ತೂ ಹೆಸರಿಡಗೊಡಲಿಲ್ಲ. "ಹೆಸರಿಟ್ಟೆಂದ್ರ ಅದು ಮನೀದಾತು, ಕೊಡಾಕ ಬರಂಗಿಲ್ಲ" ಅನ್ನುತ್ತಿದ್ದೆ. ಗೊತ್ತಿದ್ದೂ ಇಟ್ಟೆನಲ್ಲ! ನಾಳೆ ಅದರ ಪಾಳಿ. ಹೋಲಿಸಿ ನೋಡಲು ಓಡಿಸದೆ ಕೂಡಿಸಿದ ಇಲಿಯೊಂದರ ಜೊತೆ ಬೋನು ಬದಲಿಸಿದರೆ ಯಾರಿಗೂ ತಿಳಿಯುವುದಿಲ್ಲ, ಎಲ್ಲವೂ ಬಿಳಿ ಇಲಿಗಳೇ, ಗುರುತಿಗೆ ಬೋನಿನ ಮೇಲಿನ ನಂಬರು ಅಷ್ಟೇ. ಆದರೆ ಸುಮ್ಮನೆ ಕೂತಿದ್ದ ಇಲಿಯ ಎದೆಯನ್ನು ಓಡಿದ್ದರದು ಎಂದು ಬರೆದರೆ ನಮ್ಮೆಲ್ಲರ ಕೆಲಸ ಸುಳ್ಳಾಗುತ್ತದೆ.

ಕಾಲುವೆ ನೀರು ಹೊಲಕ್ಕೆ ಬಂದ ವರ್ಷ ಕುರಿ ಮಾರಿ ಅಪ್ಪನನ್ನು ಕೂಡಿಸಿದೆವು. "ನಡದದ್ದು ಸಾಕು, ಆರಾಮ ಕುಂದ್ರಪ್ಪ" ಎಂದು ಎಲ್ಲರೂ ಪ್ರೀತಿಯಿಂದಲೇ ಹೇಳಿದೆವು. "ಸುಮ್ಮ ಕುಂತ್ರ ಎದಿ ಭಾರ ಆಗ್ತದ ಯವ್ವಾ" ಎಂದ. ಹಟವೆಂದುಕೊಂಡೆವು. ಮುಂದಿನ ಭತ್ತದ ರಾಶಿ ಅವನು ನೋಡಲಿಲ್ಲ. ಇಲಿ ಬೇರೆ, ಮನುಷ್ಯ ಬೇರೆ. ನಡೆಯುತ್ತಿದ್ದರೆ ಉಳಿಯುತ್ತಿದ್ದ ಎಂದು ಯಾರೂ ಹೇಳಲಾರರು, ನಾನೂ ಹೇಳಲಾರೆ. ಆದರೂ ಆ ಇಲಿ ಓಡುವಾಗಲೆಲ್ಲ ಅಪ್ಪನ ಆ ಮಾತು ಕಿವಿಗೆ ಬರುತ್ತದೆ, ಅವ್ವ.

ನೀನು ಹೊಲಕ್ಕೆ ನಡೆದುಹೋಗುವುದನ್ನು ಬಿಡಬೇಡ. ಅಣ್ಣ ಮೋಟರ್ ಸೈಕಲ್ ತಂದು ಮನೆಮುಂದೆ ನಿಲ್ಲಿಸಿದರೂ ಒಲ್ಲೆ ಅನ್ನು.

ನಿನ್ನ ಮಗಳು,
ಬಾಲಮ್ಮ

ತಾ.ಕ.: ಕಾಗದವನ್ನು ಅಂಚೆಗೆ ಹಾಕದೆ ಇಷ್ಟು ದಿನ ಚೀಲದಲ್ಲೇ ಇಟ್ಟುಕೊಂಡಿದ್ದೆ. ಬೋನು ಬದಲಿಸಲಿಲ್ಲ. ಆ ಕೆಲಸ ಬೇರೆಯವರ ಕೈಗೂ ಕೊಡಲಿಲ್ಲ, ನಾನೇ ಮಾಡಿದೆ. ನಿನ್ನೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ, ಎದೆ ಬಹಳ ಚೆನ್ನಾಗಿತ್ತು ಅವ್ವ. ನಮ್ಮ ಸರ್ ಖುಷಿಯಾಗಿ, ಇದು ಯಾವುದರದು ಎಂದು ಕೇಳಿದರು. ನಾನು ನಂಬರು ಹೇಳಿದೆ.