ಒಡೆಯದ ಪ್ಯಾಕೆಟ್ಟುಗಳ ಅಧಿಕಾರಿಗೆ

ಮಾನ್ಯ ದಾಸ್ತಾನು ತಪಾಸಣಾಧಿಕಾರಿಗಳೇ,

ನನ್ನ ಮೊಮ್ಮಗಳು ರಿಫಾ ನಲವತ್ತು ಪಿನ್ನು ಬೆಸೆದ ಶಾಲೆಯ ಎಲೆಕ್ಟ್ರಾನಿಕ್ ಬೋರ್ಡಿಗೆ ‘ಹಾನಿಗೊಂಡಿದೆ’ ಎಂದು ಷರಾ ಬರೆದು, ಅದನ್ನು ಕಪಾಟಿನಲ್ಲಿಟ್ಟು ಮೊಹರು ಹಾಕಿ ಹೋಗಿದ್ದೀರಿ. ಶನಿವಾರ ಮಿಜಾರಿನಲ್ಲಿ ರೋಬೋಟ್ ಸ್ಪರ್ಧೆ. ಅದಕ್ಕೆಂದು ಅವಳು ಕಟ್ಟಿದ ಗಾಡಿ ಚಕ್ರ ತಿರುಗದೆ ಕೂತಿದೆ.

ತಮಗೆ ಯಾರೂ ಹೇಳಿದಂತಿಲ್ಲ, ನಾನೇ ಹೇಳುತ್ತೇನೆ. ಶಾಲೆಗೆ ಬಂದಿರುವ ಅಂಗೈಯಗಲದ ಕಂಪ್ಯೂಟರ್ ಲೆಕ್ಕ ಹಾಕಬಲ್ಲುದು, ಮೋಟಾರು ತಿರುಗಿಸಲಾರದು. ಆ ಶಕ್ತಿ ಒದಗಿಸಲು ಅದರ ತಲೆಯ ಮೇಲೆ ಇನ್ನೊಂದು ಬೋರ್ಡ್ ಕೂರಬೇಕು. ಕೂರಿಸುವ ಪಿನ್ನುಗಳು ಪ್ಯಾಕೆಟ್ಟಿನಲ್ಲಿ ಬಿಡಿಯಾಗಿ ಬರುತ್ತವೆ, ಬೆಸೆದುಕೊಳ್ಳಬೇಕಾದವರು ನಾವೇ.

ಬೆಸೆಯಲು ಅವಳಿಗೆ ಕಲಿಸಿದವಳು ನಾನು. ಐದನೆಯ ತರಗತಿ ದಾಟದ ನನಗೆ ಕಲಿಸಿದ್ದು ಕೆಟ್ಟುಹೋದ ಟೇಪ್‌ರೆಕಾರ್ಡರುಗಳು. ಗಲ್ಫಿನಿಂದ ಗಂಡಂದಿರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳುಹಿಸುತ್ತಿದ್ದ ಕಾಲ. ಯಂತ್ರ ಕೆಟ್ಟರೆ ನಮ್ಮ ಓಣಿಯ ಹೆಂಗಸರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನಲ್ಲಿಗೇ ತರುತ್ತಿದ್ದರು, ಅಂಗಡಿಯವನು ಗಂಡನ ಮಾತು ಕೇಳಿಬಿಟ್ಟಾನೆಂದು. ನನ್ನ ಬೆಸುಗೆಯನ್ನು ಒಬ್ಬಳೂ ಹಾನಿ ಎಂದಿಲ್ಲ.

ತಪಾಸಣೆಯ ದಿನ ವಿಜ್ಞಾನದ ತಿರುಮಲೇಶ್ವರ ಮಾಸ್ಟ್ರು ನಿಮ್ಮಲ್ಲಿ ಹೇಳಿಕೊಂಡರಂತೆ: “ಸರ್, ಬೆಸೆಯದಿದ್ದರೆ ಅದು ಕೂರುವುದೇ ಇಲ್ಲ. ಕಂಪೆನಿಯ ಚೀಟಿಯಲ್ಲೇ ಉಂಟು.”

“ಆ ಚೀಟಿ ದಾಸ್ತಾನು ಪುಸ್ತಕದಲ್ಲಿ ಉಂಟಾ ಮಾಸ್ಟ್ರೇ?”

“ಇಲ್ಲ ಸರ್.”

“ಹಾಗಾದರೆ ಚೀಟಿಯೇ ಇಲ್ಲ. ವಸ್ತು ಬಂದ ಹಾಗೆ ಇರಬೇಕು. ನಿಮಗೆ ಮೆಮೊ ಕೊಡ್ತೇನೆ.”

ಎಂಥ ಪಾಂಡಿತ್ಯ. ಬೆಳ್ತಂಗಡಿ ಕಡೆಯ ಶಾಲೆಯೊಂದರಲ್ಲಿ ಇಂಥವೇ ಒಂಬತ್ತು ಬೋರ್ಡುಗಳು ಎರಡು ವರ್ಷದಿಂದ ಪ್ಯಾಕೆಟ್ಟು ಒಡೆಯದೆ ಬಿದ್ದಿವೆ. ನಿಮ್ಮದೇ ವರದಿಯಲ್ಲಿ ಅದಕ್ಕೆ ‘ಉತ್ತಮ ನಿರ್ವಹಣೆ’ ಎಂಬ ಹೊಗಳಿಕೆ. ಚಾಕ್ ಸವೆಯದ ಶಾಲೆಯೇ ತಮ್ಮ ಆದರ್ಶವೇ? ನಾಳೆ ಬಿಸಿಯೂಟದ ಅಕ್ಕಿಯನ್ನೂ ಬಂದ ಹಾಗೆಯೇ ತೋರಿಸಬೇಕೇ?

ಮೊನ್ನೆ ರಿಫಾ ಕೇಳಿದಳು: “ಅಜ್ಜೀ, ಪಿನ್ನು ಪುನಃ ಕಿತ್ತು ಕೊಟ್ಟರೆ ಮಾಸ್ಟ್ರ ಮೆಮೊ ಹೋಗ್ತದಾ?”

ಹದಿನಾಲ್ಕರ ಹುಡುಗಿ ತಾನು ಕಲಿತ ಕೆಲಸವನ್ನೇ ಅಪರಾಧವೆಂದು ನಂಬತೊಡಗಿದ್ದಾಳೆ. ನಿಮ್ಮ ಇಲಾಖೆ ಇಷ್ಟು ಬೇಗ ಇನ್ನೇನನ್ನಾದರೂ ಕಲಿಸಿದ್ದನ್ನು ನಾನು ಕಂಡಿಲ್ಲ.

ಗುರುವಾರದೊಳಗೆ ಮೊಹರು ತೆಗೆಯಿರಿ, ಮೆಮೊ ಹಿಂಪಡೆಯಿರಿ. ಷರಾವನ್ನು ಅವಳೆದುರಿನಲ್ಲಿ ನಿಮ್ಮ ಕೈಯಾರೆ ಹೊಡೆದುಹಾಕಿ. ಮತ್ತೆ, ಚೆನ್ನಾಗಿ ಬೆಸೆದಿದ್ದೀ ಎಂದು ಒಂದು ಮಾತು ಹೇಳಿ. ನಾನು ಹೇಳಿದರೆ ಅವಳೀಗ ನಂಬುತ್ತಿಲ್ಲ.

ಇಂತಿ,
ಈ ಪತ್ರಕ್ಕೂ ಆವಕ ಸಂಖ್ಯೆಯ ಹೊರತು ಬೇರೇನೂ ಸಿಗದೆಂದು ಬಲ್ಲ
ಪಾತುಮ್ಮ
ಪಾಣೆಮಂಗಳೂರು, ಬಂಟ್ವಾಳ ತಾಲೂಕು